ಮಳೆ ತಾಗದ ಕೋಣೆ

ಕುಂಟಲಪದವು, ಮುಳ್ಳೇರಿಯ ಮಾರ್ಗ
12 ನವೆಂಬರ್ 2024

ಪ್ರೀತಿಯ ಹರಿ,

ನಾನು ಗಟ್ಟಿಯಾಗಿದ್ದೇನೆ, ಕಿವಿಯೊಂದನ್ನು ಬಿಟ್ಟು. ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ನಾನು ಕೊಡುವ ಉತ್ತರ ನಿನಗೆ ತಾಳೆಯಾಗುವುದಿಲ್ಲ. ಮೊಬೈಲಿನ ಮೆಸೇಜು ನನಗೆ ಕಾಗದ ಅನ್ನಿಸುವುದೇ ಇಲ್ಲ. ಮೂವತ್ತೆಂಟು ವರ್ಷ ಈ ಊರಿನ ಅಂಚೆ ಕಚೇರಿಯಲ್ಲಿ ಕೂತು ಬೇರೆಯವರ ಕಾಗದಕ್ಕೆ ಮುದ್ರೆ ಒತ್ತಿದೆ. ನಿವೃತ್ತಿಯಾದ ಮೇಲಾದರೂ ನನ್ನದೇ ಒಂದು ಕಾಗದ ಹೋಗಲಿ. ಡೊಂಬಿವಿಲಿಗೆ ಆರು ದಿನ ಸಾಕು. ಏಳನೆಯ ದಿನ ನೀನು ಉತ್ತರ ಬರೆಯಲು ಕೂರಬಹುದು.

ನಿನ್ನ ಅಣ್ಣ ಹೋಗಿ ನಾಲ್ಕು ತಿಂಗಳಾಯಿತು. ಅವರ ಬೊಜ್ಜದ ಕ್ರಿಯೆಗೆ ಬಂದವನು ಮೂರು ದಿನವೂ ನನ್ನ ಮುಖ ನೋಡದೆ ಓಡಾಡಿದಿ, ಗಮನಿಸಿದ್ದೇನೆ. ದುಃಖಕ್ಕೆ ಹಾಗೆ ಮಾಡಿದ ಅಂದುಕೊಂಡೆ. ಈಗ ಮನೆಯೇನೂ ಖಾಲಿಯಿಲ್ಲ. ನಮ್ಮ ಪದವಿನ ಬೋಳು ಗುಡ್ಡದ ಮೇಲೆ ಪಾಂಡವರ ಕಲ್ಲುರಾಶಿಗಳು ಅಂತ ಹೇಳುತ್ತೇವಲ್ಲ, ಅವು ಮೂರು ಸಾವಿರ ವರ್ಷ ಹಿಂದಿನ ಜನರ ಸಮಾಧಿಗಳಂತೆ. ಅಗೆದು ನೋಡಲು ಯುನಿವರ್ಸಿಟಿಯವರು ಬಂದಿದ್ದಾರೆ. ಅವರ ಪೈಕಿ ಅಶ್ಮಿತಾ ಎಂಬ ಹುಡುಗಿಗೆ ಚಾವಡಿಯ ಪಕ್ಕದ ಕೋಣೆ ಕೊಟ್ಟಿದ್ದೇನೆ. ಒಡೆದ ಮಡಕೆಯ ಚೂರುಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆಯುತ್ತಾಳೆ. ತನ್ನ ಊಟದ ತಟ್ಟೆಯನ್ನು ಮಾತ್ರ ನನಗೆ ಬಿಡುತ್ತಾಳೆ.

ಈಗ ಕಾಗದ ಬರೆದ ಕಾರಣ. ಪಂಚಾಯತಿನವರು ಮಾರ್ಗ ಅಗಲ ಮಾಡುತ್ತಾರೆ. ನಮ್ಮ ಹಿತ್ತಿಲಿನ ತೆಂಕು ಮೂಲೆ ಪೂರ್ತಿ ಹೋಗುತ್ತದೆ. ಅಲ್ಲಿ ನನ್ನ ಬಾಲೆ ಇದ್ದಾಳೆ, ಹರಿ. 1984ರ ಆಟಿ ತಿಂಗಳ ಮಳೆಯಲ್ಲಿ ಹುಟ್ಟಿ, ಹೆಸರಿಡುವ ಮೊದಲೇ, ಹನ್ನೊಂದನೆಯ ದಿನ ಹೋದವಳು. ನಾನು ಆಗ ಕಾಸರಗೋಡಿನ ಆಸ್ಪತ್ರೆಯಲ್ಲಿ ಬಾಣಂತಿ ಜ್ವರದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದೆ. ನೀನು ಮತ್ತು ನಿನ್ನ ಅಣ್ಣ ಸೇರಿ ಅವಳನ್ನು ಮಣ್ಣು ಮಾಡಿದಿರಿ. ಮತ್ತೆ ನನಗೆ ಮಕ್ಕಳಾಗಲಿಲ್ಲ.

ನಲವತ್ತು ವರ್ಷ ದಿನಾ ಸಂಜೆ ಆ ಮೂಲೆಗೆ ಒಂದು ತಂಬಿಗೆ ನೀರು ಹೊಯ್ದಿದ್ದೇನೆ. ಅಲ್ಲಿ ನಾನಿಟ್ಟ ಕೇಪುಳದ ಗಿಡ ಈಗ ನನ್ನಷ್ಟೇ ಎತ್ತರ ಇದೆ. ಆದರೆ ಆ ಮೂಲೆಯಲ್ಲಿ ಸರಿಯಾಗಿ ಎಲ್ಲಿ ಅಂತ ನಿನ್ನ ಅಣ್ಣ ಒಂದು ದಿನವೂ ತೋರಿಸಲಿಲ್ಲ. ಕೇಳಿದರೆ, ತಾಯಿಯಾದವಳು ಅದನ್ನು ಕೇಳಬಾರದು ಅಂತ ಎದ್ದು ಹೋಗುತ್ತಿದ್ದರು. ಜೆಸಿಬಿ ಬರುವ ಮೊದಲು ಅವಳು ಮಲಗಿದ ಜಾಗದ ಒಂದು ಹಿಡಿ ಮಣ್ಣು ನನಗೆ ಬೇಕು. ಮನೆಯ ಬಡಗು ಬದಿಯಲ್ಲಿ ತಂದು ಇಡುತ್ತೇನೆ. ಬೇರೆ ಎಂತದೂ ಬೇಡ. ಎಲ್ಲಿ ಅಂತ ಈಗ ನಿನಗೆ ಒಬ್ಬನಿಗೇ ಗೊತ್ತಿರುವುದು.

ನಿನ್ನ ಅತ್ತಿಗೆ,
ಮನೋರಮಾ


ಡೊಂಬಿವಿಲಿ
28 ನವೆಂಬರ್ 2024

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದಾಗ ಮಗಳು ಹೆದರಿಬಿಟ್ಟಳು, ಯಾವುದೋ ಕೋರ್ಟಿನ ನೋಟೀಸು ಅಂತ. ಈ ಬಿಲ್ಡಿಂಗಿನಲ್ಲಿ ಕೈಬರಹದ ವಿಳಾಸ ಕಂಡು ಎಷ್ಟೋ ವರ್ಷವಾಯಿತು. ಏಳನೆಯ ದಿನ ಉತ್ತರ ಬರೆಯಲು ಕೂತದ್ದು ಹೌದು. ಕೂತಲ್ಲಿಂದ ಎದ್ದೆ. ಕ್ಯಾಂಟೀನಿನಲ್ಲಿ ಇಡ್ಲಿ ಚಟ್ನಿಯ ಚೀಟಿ ಬರೆದು ಬರೆದು ಬೇರೆ ಬರೆಯಲು ಈ ಕೈಗೆ ಬರುವುದಿಲ್ಲ ಅಂತ ಇಟ್ಟುಕೊಳ್ಳಿ.

ನನ್ನ ಮಂಡಿನೋವು ಹಾಗೆಯೇ ಉಂಟು. ಇಲ್ಲಿ ಚಳಿ ಹೇಳುವಷ್ಟು ಇಲ್ಲ. ಮೊಮ್ಮಗ ತುಳು ಕಲಿಯುತ್ತಿದ್ದಾನೆ, ಬೈಗುಳದಿಂದ ಶುರು ಮಾಡಿದ್ದಾನೆ. ಅಣ್ಣನ ಫೋಟೋ ದೊಡ್ಡದು ಮಾಡಿಸಿ ಹಾಕಿದ್ದೇವೆ.

ನೀವು ಕೇಳಿದ ವಿಷಯ. ಪಾಗಾರದಿಂದ ಮೂರು ಹೆಜ್ಜೆ ಒಳಗೆ, ಕೇಪುಳದ ಬುಡಕ್ಕೆ ಸ್ವಲ್ಪ ಮೂಡುಬದಿ. ಅಲ್ಲಿಂದ ಒಂದು ಹಿಡಿ ತೆಗೆಯಿರಿ. ಹೆಚ್ಚು ಅಗೆಯುವುದು ಬೇಡ.

ಯುನಿವರ್ಸಿಟಿಯವರು ಯಾವ ರಾಶಿಯನ್ನು ತೆಗೆಯುತ್ತಾರೆ? ಸುಮ್ಮನೆ ಕೇಳಿದೆ.

ಹರಿನಾಥ


ಕುಂಟಲಪದವು
16 ಡಿಸೆಂಬರ್ 2024

ಪ್ರೀತಿಯ ಹರಿ,

ನೀನು ಹೇಳಿದ ಜಾಗದಲ್ಲಿ ಅಗೆಸಿದೆ. ಕೆಲಸಕ್ಕೆ ವಾಸಪ್ಪ ಬಂದಿದ್ದ. ಹೆಚ್ಚು ಅಗೆಯುವುದು ಬೇಡ ಅಂದಿದ್ದಿ. ಅಗೆಯಲು ಇದ್ದರೆ ತಾನೇ. ಒಂದು ಮೊಳ ಹೋಗುವಾಗ ಹಾರೆ ಟಣ್ ಅಂದಿತು. ಕೆಳಗೆ ಪಾರೆಕಲ್ಲು. ಮೂಡಿಗೆ ನೋಡಿದೆವು, ಪಡುವಿಗೆ ನೋಡಿದೆವು, ಇಡೀ ಮೂಲೆಯಲ್ಲಿ ಅಷ್ಟೇ ಮಣ್ಣು. ವಾಸಪ್ಪ ಬೆವರು ಒರೆಸಿಕೊಂಡು, "ಇಲ್ಲಿ ಒಂದು ನಾಯಿಯನ್ನು ಹುಗಿಯಲಿಕ್ಕೂ ಆಗ್ಲಿಕ್ಕಿಲ್ಲ ಅಕ್ಕಾ" ಅಂದ. ನಾನು ಯಾಕೆ ಅಗೆಸುವುದು ಅಂತ ಪಾಪ ಅವನಿಗೆ ಗೊತ್ತಿಲ್ಲ. ನಾನು ಅಲ್ಲೇ ಪಾಗಾರದ ಮೇಲೆ ಕೂತೆ.

ನಲವತ್ತು ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗಿರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ಹಿಡಿ ತೆಗೆದು ತಾಮ್ರದ ಗಿಂಡಿಯಲ್ಲಿ ಹಾಕಿ ದೇವರ ಕೋಣೆಯಲ್ಲಿ ಇಟ್ಟಿದ್ದೇನೆ. ಆದರೆ ನೀನು ಸರಿಯಾಗಿ ನೆನಪು ಮಾಡಿ ಹೇಳು. ಬೇರೆ ಜಾಗದ ಮಣ್ಣನ್ನು ಅವಳು ಅಂತ ಇಟ್ಟುಕೊಂಡರೆ ನನಗೆ ಊಟ ಸೇರುವುದಿಲ್ಲ. ನಾನು ಅವಳನ್ನು ಎತ್ತಿಕೊಂಡದ್ದು ನಾಲ್ಕೇ ದಿನ. ಐದನೆಯ ದಿನಕ್ಕೆ ಜ್ವರ ಏರಿ ನನ್ನನ್ನು ಜೀಪಿನಲ್ಲಿ ಮಲಗಿಸಿ ಕೊಂಡುಹೋದರಲ್ಲ. ಮೂಗು ನಿನ್ನ ಅಣ್ಣನದ್ದೇ ಆಗಿತ್ತು, ಅದೊಂದು ನೆನಪಿದೆ.

ನೀನು ಕೇಳಿದ್ದಕ್ಕೆ ಉತ್ತರ: ಸಣ್ಣ ರಾಶಿಗಳು ಎರಡು ಮುಗಿದವು, ಎಂತದೂ ಸಿಗಲಿಲ್ಲ. ಇನ್ನು ಪಡುವಣ ತುದಿಯ ದೊಡ್ಡ ರಾಶಿಗೆ ಕೈ ಹಾಕುತ್ತಾರಂತೆ. ನಿನಗೆ ಅದರ ಮೇಲೆ ಎಂತ ಪ್ರೀತಿ ಮಾರಾಯ? ದನ ಕಾಯುವಾಗ ಅಲ್ಲಿ ಬೀಡಿ ಸೇದಿದ ನೆನಪಾ?

ಮನೋರಮಾ


ಡೊಂಬಿವಿಲಿ
4 ಜನವರಿ 2025

ಅತ್ತಿಗೆ,

ನೆನಪು ಮಾಡಿದೆ, ಆಗುವುದಿಲ್ಲ. ಆ ದಿನ ಮಳೆ ಹಿಡಿದರೆ ಬಿಡದ ಮಳೆ. ಜಾಗ ನೋಡಿದ್ದು ಅಣ್ಣ, ನಾನು ಕೊಡೆ ಹಿಡಿದಿದ್ದೆ ಅಷ್ಟೇ. ಗಿಂಡಿಯಲ್ಲಿ ಇಟ್ಟ ಮಣ್ಣು ಅವಳದ್ದೇ ಅಂತ ತಿಳಿದುಕೊಳ್ಳಿ. ಇನ್ನು ಅದನ್ನು ಕೆದಕುವುದು ಬೇಡ.

ಒಂದು ಮಾತು. ಪಡುವಣ ತುದಿಯ ರಾಶಿಯನ್ನು ಬಿಚ್ಚುವುದು ಬೇಡ ಅಂತ ಆ ಹುಡುಗಿಗೆ ಹೇಳಿ. ನೀವು ಹೇಳಿದರೆ ಕೇಳಿಯಾಳು. ಮಲಗಿದವರನ್ನು ಎಬ್ಬಿಸುವುದು ಒಳ್ಳೆಯದಲ್ಲ.

ಬಿಸು ಹಬ್ಬಕ್ಕೆ ಊರಿಗೆ ಬರಬೇಕು ಅಂತ ಇದ್ದೆ. ಮಂಡಿಯ ಡಾಕ್ಟರು ಬೇಡ ಅಂತಾರೆ.

ಹರಿನಾಥ


ಕುಂಟಲಪದವು
4 ಫೆಬ್ರವರಿ 2025

ಪ್ರೀತಿಯ ಹರಿ,

ಬೊಂಬಾಯಿಯಲ್ಲಿ ನಲವತ್ತು ವರ್ಷ ಇದ್ದವನು ಸತ್ತವರ ಕುಲೆಗಳಿಗೆ ಹೆದರುವುದುಂಟಾ? ನಿನ್ನ ಮಾತನ್ನು ಅಶ್ಮಿತಾಳಿಗೆ ಹೇಳಿದೆ. ಅವಳು ನಕ್ಕು, "ನಾವು ಎಬ್ಬಿಸುದಿಲ್ಲ ಆಂಟಿ, ಮೆಲ್ಲ ಮಾತಾಡಿಸುದು" ಅಂದಳು. ಕಾಗದದ ಜೊತೆ ಇಟ್ಟ ಪೇಪರಿನ ತುಂಡನ್ನು ಮೊದಲು ಓದು. ನಮ್ಮ ಪದವಿನ ಫೋಟೋ ಬಂದಿದೆ.

ಕಲ್ಲುಗಳನ್ನೆಲ್ಲ ತೆಗೆದಾಗ ಕೆಳಗೆ ಪಾರೆಯನ್ನೇ ಕೊರೆದು ಮಾಡಿದ ಒಂದು ದುಂಡಗಿನ ಕೋಣೆ ಕಂಡಿತಂತೆ. ಮಾಡಿನಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ತೂತು, ಅದಕ್ಕೊಂದು ಕಲ್ಲಿನ ಚಪ್ಪಡಿ. ಒಳಗೆ ಮಡಕೆಗಳು, ಎರಡು ದೊಡ್ಡ ಗುಡಾಣಗಳು. ಆ ಎರಡು ಗುಡಾಣಗಳ ನಡುವೆ ಒಂದು ಎಳೆಮಗುವಿನ ಎಲುಬು, ಹರಿ. ಕೈ ಇದ್ದಲ್ಲಿ ಹದಿನೇಳು ಕಪ್ಪು ಗಾಜಿನ ಮಣಿ. ಆ ಕಾಲದಲ್ಲೇ ಹಡಗಿನಲ್ಲಿ ಬಂದ ಗಾಜು ಅಂತ ಪೇಪರಿನವರು ಬರೆದಿದ್ದಾರೆ. ಮೂರು ಸಾವಿರ ವರ್ಷ ಹಿಂದಿನ ರಾಜಕುಮಾರಿ ಇರಬಹುದಂತೆ.

ಅಶ್ಮಿತಾಳಿಗೆ ಅದು ಸರಿ ಬರಲಿಲ್ಲ. "ಪೇಪರಿನವ್ರು ಗಡಿಬಿಡಿ ಮಾಡಿದ್ರು ಆಂಟಿ. ನಮ್ಮ ಈ ಕೆಂಪು ಮಣ್ಣಲ್ಲಿ ಎಲುಬು ಅಷ್ಟು ವರ್ಷ ಉಳಿಯುದೇ ಇಲ್ಲ. ಲ್ಯಾಬಿಂದ ಬರದೆ ಎಂತದೂ ಹೇಳ್ಲಿಕ್ಕಾಗುದಿಲ್ಲ" ಅಂತಾಳೆ. ತಿರುವನಂತಪುರಕ್ಕೆ ಕಳಿಸುವವರೆಗೆ ಎಲ್ಲ ನಮ್ಮ ಮನೆಯಲ್ಲೇ, ಅವಳ ಕೋಣೆಯಲ್ಲಿ. ಮೊನ್ನೆ ಗುಡಿಸಲು ಹೋದಾಗ ನೋಡುತ್ತೇನೆ, ಆ ಮಗುವಿನ ಪೆಟ್ಟಿಗೆಯನ್ನು ಮೇಜಿನ ಅಡಿಗೆ, ಮಡಕೆ ಚೂರಿನ ಚೀಲಗಳ ಜೊತೆ ನೂಕಿ ಇಟ್ಟಿದ್ದಾಳೆ. ನನಗೆ ಸಿಟ್ಟು ಬಂತು. ಎಷ್ಟು ಸಾವಿರ ವರ್ಷವಾದರೂ ಬಾಲೆ ಬಾಲೆಯೇ, ನೆಲದಲ್ಲಿ ಇಡಬೇಡ ಅಂತ ಜೋರು ಮಾಡಿದೆ. ಮಂಚದ ಮೇಲೆ ನನ್ನ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಇಡಿಸಿದೆ. ಅಶ್ಮಿತಾ ಈಗ ಚಾಪೆಯಲ್ಲಿ ಮಲಗುತ್ತಾಳೆ.

ಸಂಜೆ ತೆಂಕು ಮೂಲೆಗೆ ನೀರು ಹೊಯ್ದು ಬಂದವಳು ಆ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಒಂದು ದೀಪವನ್ನೂ ಇಟ್ಟೆ. ಆ ಮಗುವಿನ ತಾಯಿಯದ್ದೇ ಯೋಚನೆ. ಮಣಿ ಪೋಣಿಸುವಾಗ ಅವಳಿಗೆ ಎಷ್ಟು ಆಸೆ ಇದ್ದಿರಬಹುದು. ಆದರೆ ಅವಳಿಗೆ ಜಾಗ ಗೊತ್ತಿತ್ತು. ಬೇಕಾದಾಗ ಹೋಗಿ ಕಲ್ಲಿನ ಹತ್ತಿರ ಕೂರಬಹುದಿತ್ತು. ಆ ಲೆಕ್ಕದಲ್ಲಿ ಅವಳು ನನಗಿಂತ ಪುಣ್ಯವಂತೆ.

ಬೇಗ ಬರೆ.

ಮನೋರಮಾ


ಕುಂಟಲಪದವು
5 ಮಾರ್ಚ್ 2025

ಹರಿ,

ಒಂದು ತಿಂಗಳಾಯಿತು. ನಿನ್ನ ಮಗಳಿಗೆ ಅಶ್ಮಿತಾಳ ಕೈಯಲ್ಲಿ ಫೋನ್ ಮಾಡಿಸಿದೆ; ಅಪ್ಪನಿಗೆ ಆರೋಗ್ಯಕ್ಕೆ ಎಂತದೂ ಆಗಲಿಲ್ಲ, ಸುಮ್ಮನೆ ಬಾಲ್ಕನಿಯಲ್ಲಿ ಕೂತಿರುತ್ತಾರೆ ಅಂದಳಂತೆ. ಹಾಗಾದರೆ ಒಂದು ಕಾರ್ಡು ಗೀಚಲು ಎಂತ ಕಷ್ಟ? ನಾನು ಪೋಸ್ಟ್ ಮಾಸ್ಟರಾಗಿದ್ದವಳು, ಕಾಗದ ಕಳೆದುಹೋಯಿತು ಅನ್ನುವ ಸಬೂಬನ್ನು ನನ್ನ ಹತ್ತಿರ ಹೇಳಬೇಡ.

ಮೊನ್ನೆ ಜೆಸಿಬಿ ಬಂತು. ಕೇಪುಳ ಹೋಯಿತು, ಮೂಲೆ ಹೋಯಿತು. ಅರ್ಧ ಗಂಟೆಯ ಕೆಲಸ. ನಾನು ಒಳಗೆ ಬಾಗಿಲು ಹಾಕಿಕೊಂಡು ಕಿವಿಯ ಮಿಷನ್ ತೆಗೆದಿಟ್ಟು ಕೂತಿದ್ದೆ. ನೆಲ ನಡುಗುವುದು ಮಾತ್ರ ಕಾಲಿಗೆ ಗೊತ್ತಾಗುತ್ತಿತ್ತು.

ಆ ರಾಶಿಯ ಮಗುವೂ ಹೋಯಿತು. ಇಪ್ಪತ್ತೆಂಟು ದಿನ ನಮ್ಮ ಮನೆಯಲ್ಲಿತ್ತು. ಒಂದನೇ ತಾರೀಕಿಗೆ ಲ್ಯಾಬಿಗೆ ಕೊಂಡುಹೋದರು. ಯಾರದೋ ಮಗು, ಅದರ ಮೇಲೂ ನನಗೆ ಪ್ರೀತಿ ಬಂದಿತ್ತು ನೋಡು. ಈಗ ಆ ಮಂಚ ನೋಡಿದರೆ ಬೇಜಾರಾಗುತ್ತದೆ.

ಇನ್ನು ನನಗೆ ಉಳಿದದ್ದು ಗಿಂಡಿಯಲ್ಲಿರುವ ಮಣ್ಣು. ಅದು ಅವಳದ್ದು ಹೌದಾ ಅಲ್ಲವಾ? ಅಲ್ಲ ಅಂತಾದರೂ ಹೇಳು. ನಾನು ತಡೆದುಕೊಳ್ಳುತ್ತೇನೆ.

ಮನೋರಮಾ


ಡೊಂಬಿವಿಲಿ
14 ಮಾರ್ಚ್ 2025

ಅತ್ತಿಗೆ,

ಅದು ಅವಳದ್ದಲ್ಲ. ತೆಂಕು ಮೂಲೆಯಲ್ಲಿ ಅವಳು ಯಾವತ್ತೂ ಇರಲಿಲ್ಲ. ನಿಮ್ಮ ಮನೆಯ ಮಂಚದಲ್ಲಿ ಇಪ್ಪತ್ತೆಂಟು ದಿನ ಇದ್ದದ್ದು ಅವಳು.

ಇಷ್ಟು ಬರೆದು ಎರಡು ದಿನ ಪೆನ್ನು ಕೆಳಗಿಟ್ಟಿದ್ದೆ. ಇನ್ನು ಎಲ್ಲ ಹೇಳುತ್ತೇನೆ, ನೀವು ಕೂತುಕೊಂಡು ಓದಿ.

ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಹಾಲು ಕುಡಿಯಲಿಲ್ಲ. ಒಂಬತ್ತು ಗಂಟೆಗೆಲ್ಲ ಮುಗಿಯಿತು. ಅಮ್ಮ ತೆಂಕು ಮೂಲೆಯಲ್ಲಿ ಇಡಿ ಅಂದರು. ನಾನೂ ಅಣ್ಣನೂ ಅಗೆದೆವು. ಒಂದು ಮೊಳಕ್ಕೆ ಪಾರೆ ಸಿಕ್ಕಿತು, ವಾಸಪ್ಪನಿಗೆ ಸಿಕ್ಕಿದ ಹಾಗೆಯೇ. ಅಷ್ಟು ಹೊತ್ತಿಗೆ ಹೊಂಡ ತುಂಬ ಕೆಂಪು ನೀರು. ಬಾಲ್ದಿಯಲ್ಲಿ ಎತ್ತಿ ಚೆಲ್ಲಿದರೂ ಮತ್ತೆ ತುಂಬುತ್ತದೆ. ಅಣ್ಣ ಆ ನೀರಿಗೆ ಕೈ ಹಾಕಿ ನೋಡಿದ. "ತಂಡಿ ಉಂಟು ಹರಿ, ಇದ್ರಲ್ಲಿ ಇಡ್ಲಿಕ್ಕೆ ನನ್ನಿಂದಾಗುದಿಲ್ಲ" ಅಂದ. ಬಿಳಿ ಬಟ್ಟೆಯಲ್ಲಿ ಸುತ್ತಿದ ಅವಳನ್ನು ಎದೆಗೆ ಒತ್ತಿಕೊಂಡು ಪದವಿನ ಕಡೆ ಹೊರಟ. ನಾನು ಕೊಡೆ ಹಿಡಿದು ಹಿಂದೆ ಓಡಿದೆ.

ಪಡುವಣ ತುದಿಯ ರಾಶಿಯಲ್ಲಿ ಕಲ್ಲು ಸರಿಸಿದರೆ ಒಂದು ತೂತು ಉಂಟು ಅಂತ ನಮಗೆ ದನ ಕಾಯುವ ಕಾಲದಿಂದ ಗೊತ್ತಿತ್ತು. ಇಳಿಯಲು ಧೈರ್ಯ ಬಂದಿರಲಿಲ್ಲ. ಆ ದಿನ ಅಣ್ಣ ನನ್ನ ಎರಡೂ ಕೈ ಹಿಡಿದು ಇಳಿಸಿದ. ನಾನು ಸಪೂರ ಇದ್ದೆ, ಇಪ್ಪತ್ತೊಂದು ವರ್ಷ. ಅತ್ತಿಗೆ, ಒಳಗೆ ಒಂದು ಹನಿ ನೀರಿರಲಿಲ್ಲ. ಮೇಲೆ ಅಷ್ಟು ಮಳೆ, ಒಳಗೆ ಬೆಚ್ಚಗೆ. ಮಡಕೆಗಳು ಅಡುಗೆಮನೆಯಲ್ಲಿ ಜೋಡಿಸಿಟ್ಟ ಹಾಗೆ ಕೂತಿದ್ದವು. ಅಣ್ಣ ಮೇಲಿನಿಂದ ಅವಳನ್ನು ನನ್ನ ಕೈಗೆ ಕೊಟ್ಟ. ಎರಡು ಗುಡಾಣಗಳ ನಡುವೆ ಮಲಗಿಸಿದೆ. ಅಲ್ಲಿ ಯಾರೋ ಇಬ್ಬರು ದೊಡ್ಡವರು ಕೂತ ಹಾಗೆ ಇತ್ತು. ನಾನು ಹೆದರಿ, ಇದು ಕುಲೆಗಳ ಜಾಗ ಅಣ್ಣ ಅಂದೆ. "ಇರ್ಲಿ. ಜನ ಇದ್ದಾರಲ್ಲ. ಬಾಲೆ ಒಬ್ಬಳೇ ಆಗುದಿಲ್ಲ" ಅಂದ.

ಮಣಿಯ ವಿಷಯ ನಿಮಗೆ ಗೊತ್ತಿಲ್ಲ. ನೀವು ಆಸ್ಪತ್ರೆಗೆ ಹೋದ ದಿನ ದೃಷ್ಟಿಗೆ ಅಂತ ಅಮ್ಮ ನನ್ನಿಂದ ಕರಿಮಣಿ ತರಿಸಿದರು. ಮುಳ್ಳೇರಿಯದ ಬಳೆ ಅಂಗಡಿಯಿಂದ ತಂದೆ. ಹಡಗಿನಲ್ಲಿ ಬಂದದ್ದಲ್ಲ. ಹದಿನೇಳು ಮಣಿ; ಎಷ್ಟು ಸಣ್ಣ ಕೈ ಅಂದರೆ ನೂಲು ಎರಡು ಸುತ್ತು ಬಂತು. ಪೇಪರಿನಲ್ಲಿ ಹದಿನೇಳು ಅಂತ ಓದಿದಾಗ ನನಗೆ ಪೂರ್ತಿ ಗೊತ್ತಾಯಿತು. ನೀವು ದೀಪ ಇಟ್ಟದ್ದನ್ನು ಓದಿದ ಮೇಲೆ ಬರೆಯಲು ಕೈ ಬರಲಿಲ್ಲ.

ಹಿಂದೆ ಬಂದು ತೆಂಕು ಮೂಲೆಯ ಹೊಂಡವನ್ನು ಮುಚ್ಚಿದೆವು, ಅಮ್ಮ ನಂಬಲಿ ಅಂತ. ನೀವು ಬಂದ ಮೇಲೆ ನಿಜ ಹೇಳುವುದು ಅಂತ ಅಣ್ಣ ಹೇಳಿದ್ದ. ಆದರೆ ನೀವು ಜೀಪಿನಿಂದ ಇಳಿದವರು ಮನೆಯೊಳಗೆ ಬರಲಿಲ್ಲ, ನೇರ ಆ ಮೂಲೆಗೆ ಹೋಗಿ ಮಣ್ಣಿನ ಮೇಲೆ ಅಂಗೈ ಇಟ್ಟು ಕೂತಿರಿ. ಅದನ್ನು ನೋಡಿ ಅಣ್ಣನ ಬಾಯಿ ಕಟ್ಟಿತು. ನನ್ನಿಂದಲೂ ಭಾಷೆ ತೆಗೆದುಕೊಂಡ. ವರ್ಷ ಹೋದ ಹಾಗೆ ಹೇಳುವುದು ಇನ್ನೂ ಕಷ್ಟವಾಯಿತು. ಬೊಜ್ಜದ ದಿನ ಹೇಳಬೇಕು ಅಂತಲೇ ಬಂದಿದ್ದೆ, ನಿಮ್ಮ ಮುಖ ನೋಡಲು ಆಗಲಿಲ್ಲ. ನೀವು ಕೇಳಿದಾಗ ಮತ್ತೆ ಸುಳ್ಳು ಹೇಳಿದೆ. ಮೂರು ಹೆಜ್ಜೆ ಅಂತ ಲೆಕ್ಕ ಹಾಕಿ ಹೇಳಿದೆನಲ್ಲ, ಅದಕ್ಕೆ ನನಗೆ ಕ್ಷಮೆ ಇಲ್ಲ.

ಈಗ ಅವಳನ್ನು ಯಾವ ಊರಿನ ಯಾವ ಬೀರುವಿನಲ್ಲಿ ಇಟ್ಟಿದ್ದಾರೋ. ನಾನು ನವೆಂಬರಿನಲ್ಲೇ ಬಾಯಿ ಬಿಟ್ಟಿದ್ದರೆ ಆ ಕಲ್ಲನ್ನು ಯಾರೂ ತೆಗೆಯುತ್ತಿರಲಿಲ್ಲ.

ಹರಿ


ಡೊಂಬಿವಿಲಿ
8 ಏಪ್ರಿಲ್ 2025

ಅತ್ತಿಗೆ,

ನನ್ನ ಸ್ಪೀಡ್ ಪೋಸ್ಟ್ ಇಪ್ಪತ್ತನೇ ತಾರೀಕಿಗೆ ನಿಮಗೆ ತಲುಪಿದೆ ಅಂತ ಮೊಬೈಲಿನಲ್ಲಿ ತೋರಿಸುತ್ತದೆ. ದಿನಾ ಕೆಳಗೆ ಹೋಗಿ ಅಂಚೆ ಡಬ್ಬಿ ನೋಡುತ್ತೇನೆ. ಬೈಯಲಿಕ್ಕಾದರೂ ಬರೆಯಿರಿ. ಇನ್ನು ಬರೆಯುವುದೇ ಇಲ್ಲ ಅಂತಾದರೆ ಅದನ್ನಾದರೂ ಬರೆಯಿರಿ.

ಹರಿ


ಕುಂಟಲಪದವು
22 ಏಪ್ರಿಲ್ 2025

ಹರಿ,

ನಿನ್ನ ಕಾಗದ ಓದಿ ಒಂದು ವಾರ ಅದನ್ನು ತಲೆದಿಂಬಿನ ಅಡಿಯಲ್ಲೇ ಇಟ್ಟಿದ್ದೆ. ನಲವತ್ತು ವರ್ಷ ನೀವಿಬ್ಬರೂ ಸೇರಿ ನನ್ನನ್ನು ಮಂಗ ಮಾಡಿದಿರಿ. ನಾನು ನೀರು ಹೊಯ್ಯುವುದನ್ನು ನೋಡುತ್ತಾ ಒಬ್ಬ ಚಾವಡಿಯಲ್ಲಿ ಕೂತ, ಒಬ್ಬ ಬೊಂಬಾಯಿಗೆ ಓಡಿದ. ನಿನಗೆ ಎಂತೆಂತ ಬರೆಯಬೇಕು ಅಂತ ಮನಸ್ಸಿನಲ್ಲೇ ಬರೆದೆ. ಬೈಗುಳ ಕಲಿಯುವ ನಿನ್ನ ಮೊಮ್ಮಗನಿಗೆ ಉಪಯೋಗಕ್ಕೆ ಬರುತ್ತಿತ್ತು.

ಸಿಟ್ಟು ಇಳಿದದ್ದು ನಿನ್ನ ಅಣ್ಣನ ವಿಷಯ ಹೊಳೆದ ಮೇಲೆ. ನಾನು ದಿನಾ ಸಂಜೆ ತಂಬಿಗೆ ಹಿಡಿದು ಮೂಲೆಗೆ ಹೋಗುವ ಹೊತ್ತಿಗೆ ಅವರು ಟವೆಲು ಹೆಗಲಿಗೆ ಹಾಕಿ ಪದವಿಗೆ ಹೋಗುತ್ತಿದ್ದರು. ಮಳೆಗಾಲದಲ್ಲೂ. ಒಂದು ದಿನವಾದರೂ ನನ್ನ ಜೊತೆ ಅಲ್ಲಿ ಬಂದು ನಿಲ್ಲಲಿಲ್ಲ ಅಂತ ನಾನು ಅವರ ಮೇಲೆ ಹಗೆ ಇಟ್ಟುಕೊಂಡಿದ್ದೆ. ನಿಮ್ಮದು ಕಲ್ಲಿನ ಎದೆ ಅಂತ ಎದುರಿಗೇ ಹೇಳಿದ್ದೇನೆ. ಅವರು ಟವೆಲು ಕೊಡವಿ ಹೋದರು. ಅವರು ಹೋಗುತ್ತಿದ್ದದ್ದು ಅವಳ ಹತ್ತಿರ. ಒಂದು ಸಲ, ಒಂದೇ ಒಂದು ಸಲ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿದ್ದರೆ ಆಗುತ್ತಿತ್ತಲ್ಲ, ಹರಿ. ಒಂದೇ ಮಗುವಿಗಾಗಿ ಇಬ್ಬರೂ ಬೇರೆ ಬೇರೆ ಕಡೆಗೆ ಹೋಗಿ ಅತ್ತು ಬಂದೆವು. ಆ ದಿನ ಆಡಿದ ಮಾತನ್ನು ಯಾರ ಹತ್ತಿರ ವಾಪಸು ತೆಗೆದುಕೊಳ್ಳಲಿ?

ಎಂಟನೆಯ ದಿನ ಅಶ್ಮಿತಾಳನ್ನು ಕೂರಿಸಿ ನಿನ್ನ ಕಾಗದ ಕೊಟ್ಟೆ. ಓದಿ ಮುಗಿಸುವ ಮೊದಲೇ ಅಳಲು ಶುರು ಮಾಡಿದಳು. ಎಲುಬು ಐವತ್ತು ವರ್ಷಕ್ಕಿಂತ ಹಳೆಯದಲ್ಲ ಅಂತ ಲ್ಯಾಬಿನವರು ಅಷ್ಟರಲ್ಲೇ ಹೇಳಿದ್ದರಂತೆ. ಯಾರ ಮಗು, ಹೇಗೆ ಸತ್ತದ್ದು, ಪೊಲೀಸರಿಗೆ ಎಂತ ಹೇಳುವುದು ಅಂತ ಅವಳ ಸರ್ ತಲೆಬಿಸಿಯಲ್ಲಿದ್ದರಂತೆ. ಅವರಿಗೆ ಲಿಖಿತ ಹೇಳಿಕೆ ಬೇಕಿತ್ತು. ನಿನ್ನ ಕಾಗದವೇ ಹೇಳಿಕೆಯಾಯಿತು. ಒರಿಜಿನಲ್ ನಾನು ಕೊಡಲಿಲ್ಲ, ಝೆರಾಕ್ಸ್ ಕೊಟ್ಟೆ. ಸ್ಟೇಷನಿಗೂ ಹೋಗಿ ಸಹಿ ಹಾಕಿ ಬಂದೆ. ಅಲ್ಲಿಯ ಸಾರ್ ಹಳೆಯ ಕಾಲದವರು, ಅವರೂ ಹೀಗೆ ಒಂದು ಮಗುವನ್ನು ಹಿತ್ತಿಲಲ್ಲಿ ಇಟ್ಟವರು. ಹೆಚ್ಚು ಕೇಳಲಿಲ್ಲ.

ಬಿಸುವಿನ ಹಿಂದಿನ ದಿನ ಬಾಲೆ ಮನೆಗೆ ಬಂದಳು. ಅಶ್ಮಿತಾ ತಿರುವನಂತಪುರದಿಂದ ರೈಲಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳು, ಸೀಟಿನ ಮೇಲೂ ಇಡದೆ. ಒಂದು ನಂಬರು ಬರೆದ ಚೀಟಿ ಅಂಟಿಸಿತ್ತು. ಅದನ್ನು ಕೀಳಲು ಹೋದಳು, ಇರಲಿ ಅಂದೆ. ನಂಬರು ಹಾಕಿದ್ದು ಕಳೆದುಹೋಗುವುದಿಲ್ಲ ಅಂತ ನನ್ನ ನಂಬಿಕೆ. ಮತ್ತೆ ಅಶ್ಮಿತಾಳನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡೆ. ನಾನು ಕೊಟ್ಟ ಸೀರೆಯ ತುಂಡಿನಲ್ಲೇ ಸುತ್ತಿದ್ದರು. ಭಾರವೇ ಇಲ್ಲ, ಹರಿ. ಮಣಿಗಳು ಒಂದು ಸಣ್ಣ ಚೀಲದಲ್ಲಿ ಇದ್ದವು, ಎಣಿಸಿದೆ. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಮೊದಲು ಅಳು ಬಂತು, ಆಮೇಲೆ ಅವಳ ಹತ್ತಿರ ಸುಮಾರು ಮಾತಾಡಿದೆ. ಅದು ನಮ್ಮಿಬ್ಬರದು, ನಿನಗೆ ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ, ಎದ್ದ ಕೂಡಲೇ ಮೊದಲು ನೋಡುವ ಕಣಿ ಇಟ್ಟೆ. ಅಕ್ಕಿ, ತೆಂಗಿನಕಾಯಿ, ಸೌತೆ, ಕನ್ನಡಿ, ಕೊಂದೆ ಹೂ, ಎರಡು ಗೇರುಹಣ್ಣು. ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಮುಚ್ಚಳ ತೆಗೆದು ಕಣಿಯ ಎದುರು ಹಿಡಿದೆ. ಅವಳ ಮೊದಲನೆಯ ಬಿಸು. ಅಶ್ಮಿತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಇನ್ನು ಅವಳು ಎಲ್ಲಿ ಇರುವುದು ಅಂತ. ಬಡಗು ಬದಿಯಲ್ಲಿ ಇಡುವ ಅಂತ ಮೊದಲು ಯೋಚಿಸಿದ್ದೆ. ಮೊನ್ನೆ ಅಶ್ಮಿತಾಳ ಜೊತೆ ಪದವಿಗೆ ಹತ್ತಿ ಹೋಗಿ ಆ ಕೋಣೆಗೆ ಬಗ್ಗಿ ನೋಡಿದೆ. ನೀನು ಹೇಳಿದ್ದು ಸರಿ, ಒಳಗೆ ಒಣಗಿ ಬೆಚ್ಚಗಿದೆ. ಸಣ್ಣ ಮಡಕೆಗಳನ್ನೆಲ್ಲ ತೆಗೆದಾಗಿದೆ. ನೆಲಕ್ಕೆ ಕಚ್ಚಿಕೊಂಡ ಎರಡು ಗುಡಾಣಗಳನ್ನು ಮಾತ್ರ ತೆಗೆದರೆ ಒಡೆಯುತ್ತವೆ ಅಂತ ಅಲ್ಲೇ ಬಿಟ್ಟಿದ್ದಾರೆ. ಅವುಗಳ ನಡುವೆ ಒಂದು ಮಗುವಿಗೆ ಆಗುವಷ್ಟು ಜಾಗ ಖಾಲಿ ಇತ್ತು. ನಾನು ಅವಳನ್ನು ನೋಡಿಕೊಂಡದ್ದು ನಾಲ್ಕು ದಿನ, ನಲವತ್ತು ವರ್ಷ ನೋಡಿಕೊಂಡವರು ನೀನು ಹೇಳಿದ ಆ ಇಬ್ಬರು ದೊಡ್ಡವರು. ಅವರಿಂದ ಅವಳನ್ನು ಬಿಡಿಸಲು ನನಗೆ ಮನಸ್ಸು ಬರಲಿಲ್ಲ. ಅಣ್ಣ ಆ ದಿನ ನೋಡಿದ ಜಾಗ ಒಳ್ಳೆಯದೇ. ನನಗೆ ಹೇಳದೆ ಇದ್ದದ್ದು ಮಾತ್ರ ತಪ್ಪು.

ಮಳೆಗೆ ಮೊದಲು, ಮೇ ಹತ್ತರ ಒಳಗೆ, ಚಪ್ಪಡಿ ಮುಚ್ಚಿ ಕಲ್ಲುಗಳನ್ನು ಇದ್ದ ಹಾಗೆಯೇ ಪೇರಿಸುತ್ತಾರಂತೆ. ಅಶ್ಮಿತಾಳ ಸರ್ ಒಪ್ಪಿದ್ದಾರೆ. ನೀನು ಅದಕ್ಕೆ ಮೊದಲು ಬರಬೇಕು. ಮಂಡಿ, ಡಾಕ್ಟರು ಅಂತ ರಾಗ ಎಳೆಯಬೇಡ. ಕಾಸರಗೋಡಿನಿಂದ ಇಲ್ಲಿಗೆ ಬರಲು ವಾಸಪ್ಪನ ಹತ್ತಿರ ಒಂದು ಜೀಪು ಹೇಳಿಸಿ ಇಟ್ಟಿದ್ದೇನೆ. ಕ್ಷಮೆ ಇಲ್ಲ ಅಂತ ಬರೆದಿದ್ದಿ. ಅದನ್ನು ಹೇಳಬೇಕಾದವಳು ನಾನು, ನಾನು ಹೇಳಲಿಲ್ಲ.

ನೀನು ಒಳಗೆ ಇಳಿಯುವುದೇನೂ ಬೇಡ. ಅಶ್ಮಿತಾಳ ಹತ್ತಿರ ಅಲ್ಯುಮಿನಿಯಂ ಏಣಿ ಉಂಟು, ಎಂಟು ಮೆಟ್ಟಿಲು. ನಿನ್ನೆ ಹಿತ್ತಿಲ ಬಾಗಿಲಿಗೆ ಒರಗಿಸಿ ಹತ್ತಿ ಇಳಿದು ನೋಡಿದೆ, ನನ್ನಿಂದ ಆಗುತ್ತದೆ. ಈ ಸಲ ಕೆಳಗೆ ಹೋಗುವುದು ನಾನು. ಆ ದಿನ ಅಣ್ಣ ನಿಂತಲ್ಲಿ ನೀನು ನಿಂತು, ಬಾಲೆಯನ್ನು ನನ್ನ ಕೈಗೆ ಕೊಡು.

ನಿನ್ನ ಅತ್ತಿಗೆ,
ಮನೋರಮಾ